ಹಸಿರು ಶಾಯಿ

ಕಟ್ಟಿನಕೆರೆ ಮಾರುಕಟ್ಟೆ ಹಿಂದಿನ ರದ್ದಿ ಅಂಗಡಿಯಲ್ಲಿ
ಕಿಲೋಗೆ ಹದಿನಾಲ್ಕರಂತೆ ತೂಗಿ ಕೊಟ್ಟ ಪುಸ್ತಕ:
ಬಿ.ಎಡ್. ಮೊದಲ ವರ್ಷ, ಮನೋವಿಜ್ಞಾನ.
ರಟ್ಟಿಲ್ಲ. ಹೆಸರಿದ್ದ ಹಾಳೆ ಹರಿದಿದೆ.
ಉಳಿದದ್ದು ರೋಲ್ ನಂಬರ್ ನಲವತ್ತೇಳು,
ತುಕ್ಕು ಹಿಡಿದ ಒಂದು ತಲೆಪಿನ್ನು,
ಅಂಚಿನ ತುಂಬ ಹಸಿರು ಶಾಯಿ.

ನನಗೇಕೆ ಬೇಕಿತ್ತು ಹೇಳಿ.
ಹಗಲೆಲ್ಲ ಪೆನ್ಷನ್ ಮೊಹಲ್ಲಾದ ಕನ್ನಡಕದಂಗಡಿಯಲ್ಲಿ
ಹಾಸನದ ಕಣ್ಣುಗಳಿಗೆ ಗಾಜು ಕೂರಿಸುವವನು,
ಭಾನುವಾರ ಹುಟ್ಟುಹಬ್ಬದ ಮನೆಗಳಲ್ಲಿ
ಅದೇ ಕಣ್ಣುಗಳಿಗೆ ಮಣ್ಣೆರಚುವವನು.

ಉಸ್ತಾದ್ ಗೌಸ್‌ಪೀರ್ ಓದಿದವರಲ್ಲ.
"ನಿನ್ನ ಕಣ್ಣು ಹೋದಲ್ಲಿಗೆ ಅವರ ಕಣ್ಣು ಬರುತ್ತೆ,
ಮೊದಲು ನೀನೇ ಮೋಸ ಹೋಗು" ಅನ್ನುತ್ತಿದ್ದರು,
ಎಡಗೈಲಿ ನಾಣ್ಯ ಬಚ್ಚಿಟ್ಟು, ಖಾಲಿ ಬಲಗೈಯನ್ನು
ತಾವೇ ಬೆರಗಿನಿಂದ ನೋಡುತ್ತ.
ಜನ ನಕ್ಕಾಗಲೇ ಕೈ ಕೆಲಸ ಮುಗಿಸಬೇಕಂತೆ;
ನಗುವವರ ಕಣ್ಣು ಒಂದು ಗಳಿಗೆ ರಜೆ ಹಾಕುತ್ತಂತೆ.

ಅದೇ ಮಾತು ನಾಲ್ಕನೇ ಅಧ್ಯಾಯದಲ್ಲಿ
ಇಸ್ತ್ರಿ ಬಟ್ಟೆ ಹಾಕಿಕೊಂಡು ಕೂತಿತ್ತು:
'ಅವಧಾನದ ವ್ಯಾಪ್ತಿ ಸೀಮಿತವಾದುದು.'
ಪಕ್ಕದಲ್ಲಿ ಹಸಿರು: ಹತ್ತು ಅಂಕ. ಖಂಡಿತ ಬರುತ್ತೆ.
ನಗು ಬಂತು. ಉಸ್ತಾದರಿಗೆ ಹತ್ತಕ್ಕೆ ಹತ್ತು.

ಮರೆವಿನ ಅಧ್ಯಾಯ ಓದಿದ ವಾರವೇ
ಆಲೂಗಡ್ಡೆ ಮಂಡಿ ದ್ಯಾವಪ್ಪ ಓದೋ ಕನ್ನಡಕಕ್ಕೆ ಬಂದ.
"ಅಲ್ಲ ಸ್ವಾಮಿ, ನನ್ ಮಗಳ ನಾಮಕರಣದಲ್ಲಿ
ಮೂಟೆಯಿಂದ ನಾನೇ ಆರಿಸಿದ ಆಲೂಗಡ್ಡೆ ಕೊಯ್ದು
ನನ್ ಉಂಗುರ ತೆಗೆದ್ರಲ್ಲ!"
ಅವತ್ತು ನಾನು ಮಾಡಿದ್ದು ಹರಿದ ಪೇಪರ್ ಕೂಡಿಸುವ ಆಟ.
ಉಂಗುರ ಮುಟ್ಟಿಲ್ಲ. ಆಲೂಗಡ್ಡೆ ಸಾಗುವಿನಲ್ಲಿತ್ತು.
ನೆನಪನ್ನು ಪ್ರತಿಸಲ ಹೊಸದಾಗಿ ಹೊಲಿಯುತ್ತೇವೆ
ಎನ್ನುತ್ತದೆ ಪುಸ್ತಕ. ಹನ್ನೊಂದು ವರ್ಷ
ಹೊಲಿದಿದ್ದಾನೆ ದ್ಯಾವಪ್ಪ. ಎಂಥ ಕಸೂತಿ!
ಇಲ್ಲ ಅನ್ನಲು ಬಾಯಿ ಬರಲಿಲ್ಲ.
ಫ್ರೇಮಿಗೆ ಇಪ್ಪತ್ತು ರೂಪಾಯಿ ಬಿಟ್ಟೆ.

ಹೀಗೇ ರಾತ್ರಿಗೊಂದೆರಡು ಪುಟ.
ನಲವತ್ತೇಳು ಜಾಣೆ. ಬಾಣ, ನಕ್ಷತ್ರ,
'ಉದಾಹರಣೆ ಸ್ವಂತದ್ದು ಬರೆಯುವುದು.'
ನೂರಾ ಹನ್ನೆರಡನೇ ಪುಟ, ಗ್ರಹಿಕೆಯ ದೋಷಗಳು:
ಅಲ್ಲಿ ಅಂಕವಿಲ್ಲ, ನಕ್ಷತ್ರವಿಲ್ಲ,
ಅಕ್ಷರ ಸಣ್ಣ, ಸಾಲು ಸೊಟ್ಟ:
'ಅವರು ಮಾತಾಡುತ್ತಿದ್ದಾಗ ನಾನು ಕೈ ನೋಡಬೇಕಿತ್ತು.'

ಯಾರ ಮಾತು. ಯಾವ ಕೈ.
ಅಲ್ಲಿಂದಾಚೆ ಅಂಚುಗಳೆಲ್ಲ ಬಿಳಿ.
ಎದ್ದು ನೀರು ಕುಡಿದೆ.
ಮೂವತ್ತು ವರ್ಷದಿಂದ ಮಾತಾಡುತ್ತಲೇ ಇದ್ದೇನೆ.

ದುದ್ದದ ಹೈಸ್ಕೂಲು, ಮಕ್ಕಳ ದಿನಾಚರಣೆ.
ಮುನ್ನೂರು ಜೊತೆ ಕಣ್ಣು ಬಲಗೈ ಮೇಲೆ.
ನೀಲಗಿರಿ ಮರದ ಕೆಳಗೆ ಕುರ್ಚಿಯಲ್ಲಿ ಹೆಡ್‌ಮಿಸ್ಸು,
ದಪ್ಪ ಗಾಜು, ಮೈನಸ್ ಐದಿರಬಹುದು,
ನನ್ನ ಎಡಗೈ ನೋಡುತ್ತಿದ್ದರು.
ನಗುವಿಲ್ಲ, ಸಿಟ್ಟಿಲ್ಲ. ನೋಡುತ್ತಿದ್ದರು, ಅಷ್ಟೆ.
ಬೆರಳು ಬೆವೆತು ನಾಣ್ಯ ಜಾರಿ
ಠಣ್ಣೆಂದು ಸಿಮೆಂಟಿನ ಮೇಲೆ.
ಮಕ್ಕಳು ಹೋ ಅಂದವು. ಅದಕ್ಕೇನಂತೆ,
ಹತ್ತು ವರ್ಷ ಕಳೆಯಲಿ, ಅದು ಹಾರಿಹೋಗಿರುತ್ತದೆ,
ಇಲ್ಲವೇ ಯಾರದೋ ಕಿವಿಯಿಂದ ಉದುರಿರುತ್ತದೆ.

ಆಮೇಲೆ ಆಫೀಸಿನಲ್ಲಿ ವೋಚರಿಗೆ ಸಹಿ.
ಹಸಿರು ಶಾಯಿ.
ಗೆಜೆಟೆಡ್ ಹುದ್ದೆಯವರೆಲ್ಲ ಅದರಲ್ಲೇ ಹಾಕುವುದು, ಗೊತ್ತು,
ಅದರಿಂದ ಏನೂ ಸಾಬೀತಾಗುವುದಿಲ್ಲ.
ಮೇಡಂ, ನಿಮ್ಮ ರೋಲ್ ನಂಬರು?
ನಾಲಗೆ ತುದಿಗೆ ಬಂದದ್ದು ಅಲ್ಲೇ ಕೂತಿತು.
ಎಂಟುನೂರು, ಎಣಿಸಿ ಕೊಡುತ್ತ ಅವರು
"ನೀವು ಮಾತು ನಿಲ್ಲಿಸಿದ್ದು ಒಂದೇ ಸಲ" ಅಂದರು,
"ಅದು ಬಿದ್ದಾಗ."

ಎರಡೂ ಕೈ ಚಾಚಿ ದುಡ್ಡು ತೆಗೆದುಕೊಂಡೆ.