ಗೋಡೆಗೆ ಮೂಗು

ಗೋಡೆಗೂ ಕಿವಿಯಿದೆ ಅಂತಾರೆ.
ಇರಬಹುದು. ನಮ್ಮ ಗುಡ್ಡದ ಗೋಡೆಗಳಿಗೆ
ಮೂಗೇ ಇರಲಿಲ್ಲ.

ಲಿಮಾದ ಈ ತುದಿಯಲ್ಲಿ, ಮುನ್ನೂರ ಹನ್ನೆರಡು ಮೆಟ್ಟಿಲ ಮೇಲೆ,
ಮನೆಗೆ ಮನೆ ಬೆನ್ನು ಕೊಟ್ಟು ಎದ್ದವು:
ಹಲಗೆಯವು, ತಗಡಿನವು, ನಾಲ್ಕು ಕಾಸು ಕಂಡವರದು ಇಟ್ಟಿಗೆಯವು.
ಕಳ್ಳರ ಭಯ, ಜೂನ್ ತಿಂಗಳ ಮಂಜಿನ ಭಯ,
ಪಕ್ಕದವನು ಒಂದು ಗೇಣು ಒತ್ತಿಕೊಂಡಾನೆಂಬ ಭಯ,
ಎಲ್ಲ ಸೇರಿ ಕಿಟಕಿಯ ಜಾಗ ತಿಂದವು.

ನನ್ನ ಕೆಲಸ ಸಣ್ಣದು. ಬೆಳಿಗ್ಗೆ ಆರಕ್ಕೆ
ಮಾತ್ರೆಯ ಡಬ್ಬಿ, ಒಂದು ಫ್ಲಾಸ್ಕು ಗಂಜಿ.
ವಿಲ್ಮೆರ್ ನನ್ನ ಕಣ್ಣೆದುರೇ ನುಂಗಬೇಕು,
ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕು.
ಬಸ್ಸಿನ ಬಾಗಿಲಲ್ಲಿ ನೇತಾಡುತ್ತ ಹನ್ನೊಂದು ನಿಲ್ದಾಣಗಳ ಹೆಸರು
ಒಂದೇ ಉಸಿರಿಗೆ ಕೂಗುತ್ತಿದ್ದ ಹುಡುಗ.
ಈಗ 'ಎಲ್ದಾ' ಅನ್ನಲು, ಎರಡಕ್ಷರಕ್ಕೆ,
ಎರಡು ಉಸಿರು.

ಆಸ್ಪತ್ರೆಯವರು ಗುಲಾಬಿ ಚೀಟಿಯಲ್ಲಿ ಬರೆದರು:
ರೋಗಿಯು ಗಾಳಿ ಬೆಳಕಿರುವ ಕೋಣೆಯಲ್ಲಿ ಮಲಗತಕ್ಕದ್ದು.
ಮಲಗತಕ್ಕದ್ದು!
ಅವನ ತಾಯಿ ಚೀಟಿಯನ್ನು ತಿರುಗಿಸಿ ನೋಡಿದಳು,
ಹಿಂದೆ ಕೋಣೆಯೇನಾದರೂ ಇದೆಯೋ ಎಂದು.

ಕೆಳಗೆ ಕಡಲ ಬದಿಯಲ್ಲಿ ನಾನು ನೆಲ ಒರೆಸುತ್ತಿದ್ದ ಮನೆಯಲ್ಲಿ
ಗೋಡೆಗಿಂತ ಕಿಟಕಿಯೇ ಜಾಸ್ತಿ.
ಗಾಜು ಉಜ್ಜುತ್ತ ಶಾಪ ಹಾಕುತ್ತಿದ್ದೆ, ಎಷ್ಟಪ್ಪಾ ಇವು ಎಂದು.
ಈಗ ನೆನಪಲ್ಲಿ ಎಣಿಸುತ್ತೇನೆ: ಹದಿನೇಳು.
ನಮ್ಮ ಇಡೀ ಸಾಲಿಗೆ ನಾಲ್ಕು.

ಸಾಲಿನವರೆಲ್ಲ ಸೇರಿ ಬೇಯಿಸುವ ಹಂಡೆಯ ಸುತ್ತ
ಆಲೂಗಡ್ಡೆ ಸುಲಿಯುತ್ತ ಮಾತು ಎದ್ದಿತು.
ಗಣಿಯಲ್ಲಿ ಅರ್ಧ ಎದೆ ಬಿಟ್ಟು ಬಂದ ಮುದುಕ ತೆಯೋಫಿಲೊ
ಕಾಗದ ಸುರುಳಿ ಸುತ್ತಿ, ಕಿಡಿ ತಾಕಿಸಿ,
ಮನೆ ಮನೆಗೆ ಹೊಗೆ ಒಯ್ದ.
ಎತ್ತ ವಾಲುತ್ತದೋ ಅತ್ತ ಗಾಳಿಯ ದಾರಿ, ಅಂದ.
ವಿಲ್ಮೆರನ ಕೋಣೆಯಲ್ಲಿ ಹೊಗೆ ನೆಟ್ಟಗೆ ನಿಂತಿತು,
ಹೋಗಲು ನೆಂಟರೇ ಇಲ್ಲದವರ ಹಾಗೆ.

ಒಡೆಯಬಹುದಾದ ಗೋಡೆ ಒಂದೇ.
ಅದರಾಚೆ ಸಾತುರ್ನೀನಾಳ ಹಿತ್ತಲು, ಅವಳ ಗಿನಿ ಇಲಿಗಳ ಗೂಡು.
'ಆಗೋದಿಲ್ಲ,' ಅಂದಳು.
ಬೇಡಿದೆವು. ಗದರಿದೆವು. ಯಾರೋ ದುಡ್ಡಿನ ಮಾತೂ ಎತ್ತಿದರು.
ಮೂರನೆಯ ವಾರ, ಬಾಗಿಲಿಗೆ ಅಡ್ಡ ನಿಂತು, ಮೆಲ್ಲಗೆ:
'ನನ್ನ ಮಗಳು ಕೆಮ್ಮುವಾಗ
ಈ ಹೊಸಿಲು ಯಾರು ತುಳಿದಿರಿ?'

ಯಾರೂ ತುಳಿದಿರಲಿಲ್ಲ.
ನಾನೂ. ಆ ವರ್ಷ ಗಂಜಿಯ ಪಾತ್ರೆಯನ್ನು
ಮೂರು ಮೆಟ್ಟಿಲು ಕೆಳಗೇ ಇಟ್ಟು ಓಡಿಬರುತ್ತಿದ್ದೆ.

ಮತ್ತೆ ಅವಳ ಗೋಡೆ ಕೇಳಲಿಲ್ಲ.
ಮರುದಿನ ಸುತ್ತಿಗೆ ಹಿಡಿದು ಹೋದದ್ದು ಅವಳದೇ ಮನೆಗೆ,
ಮಗಳು ಮಲಗುತ್ತಿದ್ದ ಮೂಲೆಗೆ.
ಬೇಡ ಅನ್ನಲಿಲ್ಲ. ಮಂಚ ಸರಿಸಿಕೊಟ್ಟಳು.
ಇಟ್ಟಿಗೆ ಬಿದ್ದಾಗ ಬಂದದ್ದು ಹೇಳಿಕೊಳ್ಳುವ ಬೆಳಕೇನಲ್ಲ,
ಕತ್ತೆಯ ಹೊಟ್ಟೆಯ ಬಣ್ಣದ ನಮ್ಮ ಆಕಾಶವೇ.
ಅದರ ಮುಂದೆ ಅವಳು ತುಂಬ ಹೊತ್ತು ಕೂತಿದ್ದಳು.
ಆಮೇಲೆ ಎದ್ದು, ಗಿನಿ ಇಲಿಗಳ ಗೂಡನ್ನು
ತಾನೇ ಎಳೆದು ಬದಿಗಿಟ್ಟಳು.

ವಿಲ್ಮೆರನ ಕಿಟಕಿ ಗುಜರಿ ಬಸ್ಸಿನದು,
ಅವನ ಜೊತೆಯ ಡ್ರೈವರುಗಳು ಹೆಗಲ ಮೇಲೆ ಹೊತ್ತು ತಂದದ್ದು.
ಜಾರಿಸಿದರೆ ಕಿರುಗುಟ್ಟುತ್ತದೆ. ಚೀಟಿ ಇನ್ನೂ ಅಂಟಿಕೊಂಡಿದೆ:
ಕೈ ಹೊರಗೆ ಚಾಚಬೇಡಿ.

ಎಲ್ಲ ಸರಿಹೋಯಿತು ಅನ್ನಲಾರೆ.
ಚಳಿಗೆ ಹೆದರಿ ಇಬ್ಬರು ಮತ್ತೆ ಹಲಗೆ ಬಡಿದರು.
ಅಧಿಕಾರಿ ಬಂದು ಫೋಟೋ ತೆಗೆದ, ಸಿಮೆಂಟು ಬರಲಿಲ್ಲ.
ಮಾತ್ರೆ ಇನ್ನೂ ನಾಲ್ಕು ತಿಂಗಳು.

ಇವತ್ತು ಮೊಣಕಾಲು ನೋವಿಗೆ ತಡವಾಯಿತು.
ಇನ್ನೂರನೆಯ ಮೆಟ್ಟಿಲಲ್ಲೇ ಕೇಳಿಸಿತು
ಬಸ್ಸಿನ ಗಾಜು ಜಾರಿದ ಸದ್ದು, ಸಾತುರ್ನೀನಾಳ ಗದರು:
'ಬಾಯಿ ತೆರಿ. ನಾಲಿಗೆ ಎತ್ತು. ಹೂಂ, ಇನ್ನು ಈ ಮೊಟ್ಟೆ ತಿನ್ನು.'
ಚೀಟಿಯ ಮಾತು ಮೀರಿ ಚಾಚಿದ ಕೈ
ಕಾಣದಿದ್ದರೂ ಕಂಡಿತು.

ನಾನು ಅಲ್ಲೇ ಕೂತು ಉಸಿರು ತಗೊಂಡೆ.