ಕೈ ಹಿಂದೆಗೆಯಬೇಡ

ಗ್ರಿಮ್ಸ್‌ಬಿಯಲ್ಲಿ ನವೆಂಬರ್ ಅಂದರೆ ನಾಲ್ಕಕ್ಕೇ ಕತ್ತಲು.
ಹೊಗೆಮನೆಯಲ್ಲಿ ದಿನವಿಡೀ ಹ್ಯಾಡಕ್ ಮೀನು ತೂಗುಹಾಕಿ ಬಂದವಳು
ನಿಂಬೆ ಸೋಪಿನಲ್ಲಿ ಮೂರು ಸಲ ಕೈ ತೊಳೆದು
ಗಾಜಿನ ಬಾಗಿಲು ಸರಿಸುತ್ತೇನೆ.
ಒಳಗೆ ಮೂವತ್ತೊಂದು ಡಿಗ್ರಿ. ಇಡೀ ಮನೆಯಲ್ಲಿ
ಬೆಚ್ಚಗಿರುವ ಒಂದೇ ಮೂಲೆ ಅವಳದು.

ಹೆಸರು ಡಚೆಸ್. ಆರಡಿಯ ಕಾರ್ಪೆಟ್ ಹೆಬ್ಬಾವು,
ಹಳದಿಯ ಮೇಲೆ ಕಪ್ಪು, ಯಾರೋ ಅವಸರದಲ್ಲಿ ನೇಯ್ದ ಹಾಗೆ.
ನನ್ನ ಕೈ ಕಂಡದ್ದೇ ತಡ
ಕುತ್ತಿಗೆ ಹಿಂದಕ್ಕೆ ಸರಿದು ವಟ್ರಸುಳಿಯಾಗುತ್ತದೆ.
ಆಮೇಲೆ ಬುಸ್.
ಆಮೇಲೆ, ನೋವಿಗಿಂತ ಮೊದಲು, ರಕ್ತ.
ಮೊಣಕೈವರೆಗೆ ಸೂಜಿಮೊನೆಯ ಅರ್ಧಚಂದ್ರಗಳು.
ವಿಷವಿಲ್ಲ, ವಿಷವಿಲ್ಲ ಅನ್ನುತ್ತೇನೆ
ಬಸ್ಸಿನಲ್ಲಿ, ಕೇಳದವರಿಗೂ.

ಅಂಗಡಿಯ ಅಲ್ವಿನ್ ಹೇಳಿದ:
"ಅದು ಸಿಟ್ಟಲ್ಲ, ಹೆದರಿಕೆ. ದಿನಕ್ಕೆ ಹತ್ತು ನಿಮಿಷ ಎತ್ತಿಕೋ.
ಮೊದಲು ಕೊಕ್ಕೆಯಿಂದ ಬೆನ್ನು ಮೆಲ್ಲಗೆ ತಟ್ಟು,
ಊಟದ ಹೊತ್ತಲ್ಲ ಅಂತ ತಿಳಿಯಲಿ.
ಕಚ್ಚಿದರೂ ಕೈ ಹಿಂದೆಗೆಯಬೇಡ.
ಕಚ್ಚಿದರೆ ಇವಳು ತೊಲಗುತ್ತಾಳೆ ಅಂತ ಕಲಿತುಬಿಡುತ್ತೆ."
ನಾನು ನಕ್ಕೆ.
ನನ್ನ ಮೊದಲ ಗಂಡ ಕಲಿತದ್ದು ಹಾಗೇ.

ಕೊಕ್ಕೆ ಹಿಡಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.
ಸರಿಯೇ. ಆದರೆ ಕೋಲು ಹಿಡಿದವಳ ಬಗ್ಗೆ
ಗಾದೆ ಕಟ್ಟಿದವರು ಏನೂ ಹೇಳಿಲ್ಲ.
ಡಿಸೆಂಬರ್, ಜನವರಿ. ಹತ್ತು ನಿಮಿಷ ಏಳಾಯಿತು, ನಾಲ್ಕಾಯಿತು.
ಒಂದು ಭಾನುವಾರ ಮಧ್ಯಾಹ್ನವೆಲ್ಲ
ಕೈಗವಸು ತೊಟ್ಟು ಗಾಜಿನ ಮುಂದೆ ಕೂತೇ ಇದ್ದೆ.
ನನ್ನ ನಡುಕ ಅವಳ ನಾಲಿಗೆಗೆ ಸಿಗುತ್ತಿತ್ತೋ ಏನೋ,
ಒಂದೇ ಸಮ ಚಾಚುತ್ತಿದ್ದಳು, ಎಳೆದುಕೊಳ್ಳುತ್ತಿದ್ದಳು.

ಹಲ್ ಊರಿನ ಹುಡುಗನೊಬ್ಬ ಕೇಳಿದ್ದ.
ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಕೊರಳಿಗೆ ಹಾಕಿಕೊಳ್ಳುತ್ತಾನಂತೆ,
ಫೋಟೋಗೆ ಇಂತಿಷ್ಟು ಅಂತ.
ಮಾರುವುದಿಲ್ಲ ಅಂದೆ. ಫೋನಿಟ್ಟ ಮೇಲೆ ಎದೆ ಹೊಡೆದುಕೊಂಡಿತು,
ನಾನು ಮಾರಲು ಹೊರಟಿದ್ದೆನೇ ಹಾಗಾದರೆ?

ಫೆಬ್ರವರಿಯಲ್ಲಿ ಲೌತ್‌ನಿಂದ ವಿನಿಫ್ರೆಡ್ ಪೆಲ್ ಬಂದಳು,
ಎಪ್ಪತ್ತು ದಾಟಿದವಳು, ಸ್ವೆಟರಿನ ತೋಳು ಮಡಚಿದವಳು.
ಒಂದು ದಿಂಬಿನ ಚೀಲ, ತೂತು ಕೊರೆದ ಒಂದು ಡಬ್ಬ.
"ನೋಡಿಕೊಂಡು ಹೋಗುತ್ತೇನೆ ಅಷ್ಟೇ" ಎಂದಳು.
ಡಚೆಸ್ ಬುಸುಗುಟ್ಟಿದಳು, ಹೊಡೆದಳು ಕೂಡ.
ಪೆಲ್‌ಳ ಕೈ ಇದ್ದಲ್ಲೇ ಇತ್ತು,
ಕೆಟಲ್ ಕುದಿಯಲಿ ಎಂದು ಕಾಯುವವರ ಕೈ.
ಸ್ವಲ್ಪ ಹೊತ್ತಿಗೆ ಆ ತೋಳಿನ ಮೇಲೆ ನನ್ನ ಹಾವು
ಹಿಂಡದ ಟವೆಲಿನ ಹಾಗೆ ಜೋತುಬಿದ್ದಿತು.
ಅಷ್ಟೂ ಸಲ ಕಚ್ಚಿದಾಗ ಉರಿಯದ್ದು ಆಗ ಉರಿಯಿತು.

"ಏನು ಮಾಡಿದಿರಿ?"
"ಏನೂ ಇಲ್ಲ. ಇವಳಿಂದ ನನಗೇನೂ ಬೇಕಿಲ್ಲ ನೋಡು, ಬೆರಿಲ್."

ನನಗೆ ಬೇಕಿತ್ತು.
ಏನು ಅಂತ ಹೇಳಿದರೆ ನಗುತ್ತೀರಿ:
ಒಂದು ಸಂಜೆ ಟೀವಿ ಹಚ್ಚಿ ಕೂತಾಗ
ಹೆಗಲ ಮೇಲೆ ಒಂದಿಷ್ಟು ಭಾರ.

ಆಗಲಿ ಎಂದು ನಾನು ಹೇಳಲೇ ಇಲ್ಲ.
ಚೀಲದ ಬಾಯಿ ಹಿಡಿದುಕೊಂಡೆ, ಅಷ್ಟೇ.
ಗಂಟು ಬಿಗಿಯುವಾಗ ಬಟ್ಟೆಯೊಳಗಿಂದ ಅವಳ ಬೆನ್ನು
ಹೆಬ್ಬೆರಳಿಗೆ ತಾಗಿತು. ತೆಗೆಯಲಿಲ್ಲ.

ಫ್ರೀಜರಿನಲ್ಲಿ ಬಟಾಣಿಯ ಹಿಂದೆ ಇನ್ನೂ ನಾಲ್ಕು ಇಲಿಗಳಿವೆ.
ಪೆಲ್ ಫೋನ್ ಮಾಡಿದ್ದಳು: ತಿಂದಳಂತೆ, ಮೈ ತುಂಬಿದೆಯಂತೆ,
ನಿನ್ನೆ ಅವಳನ್ನೂ ಕಚ್ಚಿದಳಂತೆ.
ಸಣ್ಣದೊಂದು ಸಮಾಧಾನ, ನಾಚಿಕೆಗೇಡಿನದು.

ದೀಪ ಆರಿಸಿಲ್ಲ. ಕರೆಂಟಿನ ಬಿಲ್ಲು ಬಂದರೆ ಬರಲಿ.
ಮರದ ಬೊಡ್ಡೆ ಎತ್ತಿದಾಗ ಸಿಕ್ಕಿತು,
ಮೂತಿಯಿಂದ ಬಾಲದವರೆಗೆ ಎಲ್ಲೂ ಹರಿಯದ್ದು,
ಕಣ್ಣ ಮುಚ್ಚಳಗಳೂ ಇದ್ದವು, ಎರಡು ಪುಟ್ಟ ಗಾಜು.
ಪೊರೆದೆ ಅಂದುಕೊಂಡಿದ್ದೆ. ಪೊರೆ ಉಳಿದಿದೆ.
ಮಡಿಲಲ್ಲಿ ಹಾಸಿಕೊಂಡು, ತಲೆಯ ಕಡೆಯಿಂದ,
ಕೈಗವಸಿಲ್ಲದೆ ಸವರುತ್ತೇನೆ.
ಹತ್ತು ನಿಮಿಷ.