ಚಮಚದ ಸದ್ದು

ಉಮ್ ಅಲ್ ಕುವೈನಿನ ಹಿನ್ನೀರಲ್ಲಿ, ಕಾಂಡ್ಲಾ ಗಿಡಗಳ ಈಚೆ,
ಮೂರು ವರ್ಷದಿಂದ ಕಟ್ಟಿಹಾಕಿದ್ದಾರೆ ಅವಳನ್ನು.
ಇಪ್ಪತ್ತೇಳು ಅಡಿ. ನನಗಿಂತ ಎರಡು ವರ್ಷ ದೊಡ್ಡವಳು.
ಹದಿನೆಂಟು ಸಾವಿರ ದಿರ್ಹಂ, ಅನ್ನುತ್ತಾನೆ ಎವರ್ಟ್,
ಸಮುದ್ರ ಅಗೆಯುವ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದು
ಎರಡೂ ಮೊಣಕಾಲು ಸವೆಸಿಕೊಂಡು ಊರಿಗೆ ಹೊರಟವ.
ನಾನು ಬಾಯಿ ತೆರೆಯುವ ಮೊದಲೇ: ಹೋಗಲಿ, ಹದಿನೈದು.
ಕೇಳದೆ ಇಳಿದ ಬೆಲೆಗೆ ಹೆದರಬೇಕೆಂದು
ಮೀನುಪೇಟೆಯಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಜೇಬಿನಿಂದ ಚಮಚ ತೆಗೆದೆ.
ಶೀತಲ ಗೋದಾಮುಗಳ ಕಂಪ್ರೆಸರ್ ರಿಪೇರಿ ನನ್ನ ಕೆಲಸ,
ಕಿವಿಯಿಂದಲೇ ಕಾಯಿಲೆ ಹಿಡಿದು ರೂಢಿ.
ಮೂತಿಯಿಂದ ಶುರುಮಾಡಿ ಗೇಣು ಗೇಣಿಗೆ ಬಡಿಯುತ್ತ ಬಂದೆ.
ಟಣ್. ಟಣ್. ಟಣ್.
ಚೆನ್ನಾಗಿ ಬೆಂದ ಮಡಕೆ.
ಕೂವೆಮರದ ಬುಡಕ್ಕೆ ಬಂದಾಗ
ದಬ್.
ನೀರು ಕುಡಿದ ಹಲಗೆ, ಎರಡು ಅಂಗೈ ಅಗಲ.
ಎವರ್ಟ್ ಅಷ್ಟು ಹೊತ್ತೂ
ಕಂಬದ ಮೇಲೆ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಯನ್ನೇ ನೋಡುತ್ತಿದ್ದ.

ಹಾಯಿ ಬಿಚ್ಚಿದರೆ ಉಗುರು ತಾಗಿದಲ್ಲಿ ಮುರಿಯಿತು, ಹಪ್ಪಳ;
ಇಲ್ಲಿನ ಬಿಸಿಲು ಬಟ್ಟೆಯನ್ನೂ ಹುರಿಯುತ್ತದೆ.
ತಂತಿಹಗ್ಗದಲ್ಲಿ ತುಕ್ಕಿನ ಎಳೆ.
ಇಂಜಿನ್ ಮಾತ್ರ ಮೂರನೇ ತಿರುವಿಗೆ ಕೆಮ್ಮಿ
ಆಯಿತು ಮಾರಾಯ ಎಂಬಂತೆ ಎದ್ದು ಕೂತಿತು.

ನೀಲಾಂಬಿಕೆ ಕುಷ್ಟಗಿಯವಳು. ಈಜು ಬರುವುದಿಲ್ಲ.
ಕ್ಲಿನಿಕ್ಕಿನ ರಾತ್ರಿಪಾಳಿ ಮುಗಿಸಿ ನೇರ ಬಂದವಳು
ಚಪ್ಪಲಿ ಕಳಚಿ, ದೇವರಮನೆಗೆ ಇಳಿದಂತೆ ಒಳಗಿಳಿದು
ಕೇಳಿದ್ದು ಎರಡೇ:
ಅಡಗಿ ಎಲ್ಲಿ ಮಾಡ್ತಾರ?
ಹಿಂದ ಏನೋ ಬರದದಲ್ಲ, ಯಾರ ಹೆಸರು ಅದು?
ಮಾರೈಕೆ, ಅಂದ ಎವರ್ಟ್. ಬಿಟ್ಟುಹೋದ ಹೆಂಡತಿ.
ದೋಣಿಯ ಹೆಸರು ಬದಲಿಸಿದರೆ ಅಪಶಕುನವಂತೆ.
ಬಿಟ್ಟು ಹೋದಾಕಿ ಹೆಸರು ಇಟ್ಕೊಂಡ್ರ ಶಕುನ ಏನು?
ಅವಳು ಕೇಳಿದಳು. ನಾನು ಅನುವಾದಿಸಲಿಲ್ಲ.

ದಾರಿಯುದ್ದಕ್ಕೂ ಲೆಕ್ಕ.
ಹಾಯಿ ಆರು ಸಾವಿರ, ತಂತಿ ನಾಲ್ಕು,
ಕಟ್ಟುವ ಜಾಗದ ಬಾಡಿಗೆ, ಪರವಾನಗಿ, ಬಣ್ಣ,
ಮಗನ ಹಲ್ಲಿಗೆ ಹಾಕಿಸಬೇಕಾದ ಕಂಬಿ.
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು
ದೋಣಿಯ ಮಾತೆತ್ತಲಿಲ್ಲ,
ಗೊತ್ತಿದ್ದೇ ಬಿಟ್ಟಿರಬೇಕು.

ಮುತ್ತಜ್ಜ ಗಂಗೊಳ್ಳಿಯಿಂದ ಮಂಜಿಯಲ್ಲಿ ಹಂಚು ಹೇರಿಕೊಂಡು
ಬಸ್ರಾದವರೆಗೆ ಹೋಗುತ್ತಿದ್ದ, ಖರ್ಜೂರ ತುಂಬಿಕೊಂಡು ಮರಳುತ್ತಿದ್ದ.
ನಾನು ಬಂದದ್ದು ವಿಮಾನದಲ್ಲಿ,
ನಡುವಿನ ಸೀಟು, ಪಕ್ಕದವನು ಕಿಟಕಿ ಮುಚ್ಚಿದ್ದ.
ಹದಿನಾಲ್ಕು ವರ್ಷ ಈ ನೀರಿನ ಪಕ್ಕದಲ್ಲೇ ಇದ್ದೇನೆ,
ಇದರ ಮೇಲೆ ಒಂದು ದಿನವೂ ಇಲ್ಲ.
ಲೆಕ್ಕದ ಚೀಟಿಯಲ್ಲಿ ಇದನ್ನು ಯಾವ ಸಾಲಿಗೆ ಬರೆಯುವುದು?
ಬರೆಯಲಿಲ್ಲ. ಬೇಡ ಅಂದೆ, ಗಟ್ಟಿಯಾಗಿ,
ಅವಳು ಬೇಡ ಅನ್ನುವ ಮೊದಲು.

ರಾತ್ರಿ ಎರಡಕ್ಕೆ ಎಚ್ಚರ. ಏಸಿಯ ಗೊರಗೊರ;
ಬೇರಿಂಗ್ ಹೋಗುತ್ತಿದೆ, ನಾಳೆ ನೋಡಬೇಕು.
ಮಲಗಿದ್ದಾಳೆ ಅಂದುಕೊಂಡವಳು ಕತ್ತಲಲ್ಲಿ ಕೇಳುತ್ತಾಳೆ:
ಅದು ದಬ್ ಅಂತಲ್ಲ, ಹಸಿ ಜಾಗ,
ಒಣಗಾಕ ಎಷ್ಟು ದಿನ ಬೇಕು?

ನಮ್ಮೂರ ಮಳೆಗಾಲದಲ್ಲಾದರೆ ದೀಪಾವಳಿ ದಾಟುತ್ತದೆ.
ಇಲ್ಲಿ ಮೇಲಿನ ಪದರ ಬಿಚ್ಚಿ ಬಿಸಿಲಿಗಿಟ್ಟರೆ,
ಅದೂ ಈ ಜೂನಿನಲ್ಲಿ, ಎಂಟು ದಿನ. ಹತ್ತು.

ಇಷ್ಟು ವರ್ಷ ಇಬ್ಬರೂ ಬೈದ ಬಿಸಿಲು
ಪರದೆಯಾಚೆ ಇನ್ನೂ ಹುಟ್ಟಿರಲಿಲ್ಲ.

ಹನ್ನೊಂದಕ್ಕ ಕೇಳು, ಅಂದಳು.
ಹನ್ನೆರಡಕ್ಕ ನಿಲ್ಲು.
ಮತ್ತ ಆ ಚಮಚ ತೊಳದು ಇಡು, ಸಾರಿಂದು ಅದು.